ಅಗ್ಗದ ಸಿಬಿ ಬೇಸ್ ಸ್ಟೇಷನ್: ಕೊಳ್ಳೋಕೆ ಮುಂಚೆ ಒಂದು ಲೆಕ್ಕ

ಸಿಬಿ ಅಂದರೆ ಸಿಟಿಜನ್ಸ್ ಬ್ಯಾಂಡ್ ರೇಡಿಯೊ. ಅಮೆರಿಕದಲ್ಲಿ ಇದನ್ನು ಬಳಸೋಕೆ ಪರೀಕ್ಷೆ, ಲೈಸೆನ್ಸ್, ತಿಂಗಳ ಬಿಲ್ ಯಾವುದೂ ಇಲ್ಲ. 1973-74ರ ತೈಲ ಬಿಕ್ಕಟ್ಟಿನಲ್ಲಿ ವೇಗದ ಮಿತಿ ಗಂಟೆಗೆ 55 ಮೈಲಿಗೆ ಇಳಿದಾಗ, ಡೀಸೆಲ್ ಎಲ್ಲಿ ಸಿಗುತ್ತೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಅಂತ ಟ್ರಕ್ ಚಾಲಕರು ಹೇಳಿಕೊಂಡಿದ್ದು, ಮುಷ್ಕರಕ್ಕೆ ಒಬ್ಬರನ್ನೊಬ್ಬರು ಕರೆದಿದ್ದು ಇದರಲ್ಲೇ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಪಶ್ಚಿಮ ಭಾಗವನ್ನು ಬಡಿದಾಗ ಕರೆಂಟ್ ಹೋಯಿತು, ಮೊಬೈಲ್ ನೆಟ್‌ವರ್ಕ್ ಹೋಯಿತು. ಆಶ್‌ವಿಲ್ ಸುತ್ತಮುತ್ತ ಸುದ್ದಿ ದಾಟಿಸಿದ್ದರಲ್ಲಿ ಮೌಂಟ್ ಮಿಚೆಲ್ ಮೇಲಿದ್ದ ಹ್ಯಾಮ್ ರಿಪೀಟರ್‌ದು ದೊಡ್ಡ ಪಾಲು. ಆದರೆ ಹ್ಯಾಮ್‌ನಲ್ಲಿ ಮಾತಾಡೋಕೆ ಪರೀಕ್ಷೆ ಪಾಸಾಗಿರಬೇಕು. ಅದಕ್ಕೇ ಇದೇ ರಾಜ್ಯದಲ್ಲಿರೋ ನಮ್ಮ ಬಡಾವಣೆಯ ಗುಂಪಿನಲ್ಲಿ ಸಿಬಿ ಮಾತು ಬಂತು. ಚಂದಾ ಎತ್ತಿ 150 ಡಾಲರಿಗೆ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ಸ್ಟೇಷನ್, ಅಂದರೆ ಮನೆಯಲ್ಲಿ ಮೇಜಿನ ಮೇಲೆ ಇಡೋ ದೊಡ್ಡ ಸೆಟ್, ತಗೊಳ್ಳೋಣ ಅಂದರು. ನಾನು ಬೇಡ ಅಂದೆ.

ದೊಡ್ಡ ಸೆಟ್ ಅಂದರೆ ದೂರ ಕೇಳಿಸುತ್ತೆ ಅನ್ನೋದು ಬರೀ ನಂಬಿಕೆ. ಕಾನೂನಿನ ಮಿತಿ ಎಲ್ಲ ಸೆಟ್‌ಗೂ ಒಂದೇ: ಎಎಂನಲ್ಲಿ 4 ವ್ಯಾಟ್. ಟ್ರಕ್‌ನ ಡ್ಯಾಶ್‌ಬೋರ್ಡ್ ಕೆಳಗೆ ಕೂರೋ ಪುಟ್ಟ ಸೆಟ್‌ಗೂ ಅಷ್ಟೇ, ಮೇಜು ತುಂಬೋ ಸೆಟ್‌ಗೂ ಅಷ್ಟೇ. ಹೆಚ್ಚಿನ ದುಡ್ಡು ಹೋಗೋದು ದೊಡ್ಡ ಸ್ಪೀಕರ್, ಮೀಟರ್, ಒಳಗಿನ ಪವರ್ ಸಪ್ಲೈಗೆ. ಇನ್ನು 1977ಕ್ಕೂ ಹಿಂದಿನ ಸೆಟ್ ಆದರೆ ಚಾನೆಲ್ ಬರೀ 23. 40 ಆಗಿದ್ದು ಆ ವರ್ಷದಿಂದ. ಜೊತೆಗೆ ಹಳೇ ಕೆಪಾಸಿಟರ್‌ಗಳ ರಿಪೇರಿ ಖರ್ಚು ಬೇರೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮಗೆ ರೇಡಿಯೊ ಬೇಕಾಗಿರೋದೇ ಕರೆಂಟ್ ಹೋದ ದಿನಕ್ಕೆ. ಬೇಸ್ ಸೆಟ್ ನಡೆಯೋದು ಗೋಡೆಯ ಪ್ಲಗ್‌ನಿಂದ! ಕೆಲವು ಮಾಡೆಲ್‌ಗಳಿಗೆ 12 ವೋಲ್ಟ್ ಸಂಪರ್ಕವೂ ಇರುತ್ತೆ, ಎಲ್ಲಕ್ಕೂ ಅಲ್ಲ. ಗಾಡಿಯ ಸೆಟ್ ಮಾತ್ರ ಕಾರಿನ ಬ್ಯಾಟರಿಗೆ ಕಟ್ಟಿದರೆ ಸಾಕು. ಮಾಮೂಲಿ ದಿನಗಳಲ್ಲಿ ಅದನ್ನೇ 13.8 ವೋಲ್ಟ್ ಪವರ್ ಸಪ್ಲೈಗೆ ಸಿಕ್ಕಿಸಿ ಮೇಜಿನ ಮೇಲಿಟ್ಟರೆ ಅದೂ ಬೇಸ್ ಸ್ಟೇಷನ್ನೇ.

ಉಳಿದ ದುಡ್ಡೆಲ್ಲ ಆಂಟೆನಾಗೆ. ಈ ತರಂಗದ ಉದ್ದ ಸುಮಾರು 11 ಮೀಟರ್, ಅದರ ಕಾಲು ಭಾಗವೇ ಎರಡೂಮುಕ್ಕಾಲು ಮೀಟರ್. ಹಾಗಾಗಿ ಕಿಟಕಿಗೆ ಸಿಕ್ಕಿಸೋ ಮೊಳದುದ್ದದ ಕಡ್ಡಿಯಿಂದ ಹೆಚ್ಚು ನಿರೀಕ್ಷೆ ಬೇಡ. ಚಾವಣಿ ಮೇಲೆ ಉದ್ದನೆ ಆಂಟೆನಾ, ಒಳ್ಳೆ ಕೇಬಲ್, ಎಸ್‌ಡಬ್ಲ್ಯೂಆರ್ ಮೀಟರ್‌ನಲ್ಲಿ 2ಕ್ಕಿಂತ ಕಡಿಮೆ ಓದು, ಇಷ್ಟಿದ್ದರೆ ಸಮತಟ್ಟು ನೆಲದಲ್ಲಿ 15-20 ಕಿಲೋಮೀಟರ್ ದೂರದವರೆಗೂ ಮಾತಾಡಬಹುದು. ಬೆಟ್ಟ ಅಡ್ಡ ಬಂದರೆ ಬಹಳ ಕಡಿಮೆ. ಮೀಟರ್ ನೋಡದೆ ಮೈಕ್ ಒತ್ತಿದರೆ ಸೆಟ್ಟೇ ಸುಟ್ಟುಹೋಗಬಹುದು. ಆಂಟೆನಾ ಎತ್ತುವಾಗ ವಿದ್ಯುತ್ ತಂತಿ ಹತ್ತಿರ ಇರಲೇಬಾರದು, ಇದರಲ್ಲಿ ಪ್ರಾಣ ಹೋಗಿದೆ.

ಇಷ್ಟಾದರೂ ಒಂದೇ ಸೆಟ್ ಕೊಂಡರೆ ಮಾತಾಡೋದು ಯಾರ ಹತ್ತಿರ? 19ನೇ ಚಾನೆಲ್‌ನಲ್ಲಿ ಟ್ರಕ್‌ನವರು ಸಿಗಬಹುದು. ತುರ್ತಿಗೆ 9ನೇ ಚಾನೆಲ್ ಮೀಸಲು ನಿಜ, ಆದರೆ ಆ ಕಡೆ ಯಾರೋ ಕಿವಿಗೊಟ್ಟು ಕೂತಿರ್ತಾರೆ ಅಂತ ನಂಬಿಕೊಳ್ಳೋ ಹಾಗಿಲ್ಲ. ಬಡಾವಣೆಯ ಎರಡು ತುದಿಗೆ ಎರಡು ಸಣ್ಣ ಸೆಟ್, ವಾರಕ್ಕೊಂದು ಸಂಜೆ ನಿಗದಿ ಸಮಯದಲ್ಲಿ ಮಾತು, ಇದು ನಾನು ಮುಂದಿಟ್ಟ ಲೆಕ್ಕ. ಸಾಕಷ್ಟು ವಾದ ಆಗಿ ಕೊನೆಗೆ ಒಪ್ಪಿದರು.

ಬೆಂಗಳೂರಿನ ಗೆಳೆಯರು ಕೇಳೋ ಪ್ರಶ್ನೆ ಬೇರೆ: ಸರ್ಕಾರ ಇಂಟರ್‌ನೆಟ್ ಬಂದ್ ಮಾಡಿದಾಗ ಇದು ಉಪಯೋಗಕ್ಕೆ ಬರುತ್ತಾ? ತರಂಗಗಳು ಸಾರ್ವಜನಿಕ ಸ್ವತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2005ರಿಂದ ನಮ್ಮಲ್ಲೂ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಒಳಗೆ, ಲೈಸೆನ್ಸ್ ಬೇಕಿಲ್ಲ. ಟವರ್, ಕಂಪನಿ ಯಾವುದರ ಹಂಗೂ ಇಲ್ಲದ್ದರಿಂದ ಸೆಟ್ ಕೆಲಸ ಮಾಡುತ್ತೆ. ಆದರೆ ಅದರಲ್ಲಿ ಗುಟ್ಟು ಅನ್ನೋದಿಲ್ಲ, ಪೊಲೀಸರೂ ಸೇರಿ ಯಾರು ಬೇಕಾದರೂ ಕೇಳಬಹುದು, ಎಲ್ಲಿಂದ ಮಾತಾಡ್ತಿದ್ದೀರಿ ಅಂತ ಪತ್ತೆನೂ ಮಾಡಬಹುದು. ಹಾಗಂತ ಇಲ್ಲಿಂದ ಬರೋರ ಸೂಟ್‌ಕೇಸ್‌ನಲ್ಲಿ ಸೆಟ್ ತರಿಸ್ಕೋಬೇಡಿ. ಅಮೆರಿಕದ 40 ಚಾನೆಲ್‌ಗಳು 27.405ರವರೆಗೆ ಹೋಗುತ್ತವೆ; 28ರಿಂದ ಮೇಲಿನವೆಲ್ಲ ಭಾರತದ ವಿನಾಯಿತಿಯ ಹೊರಗೆ.