ಕನ್ಸೋಲಿಗೆ ಕನ್ನಡ ಬಾರದು



ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ ಕನ್ನಡ ನಾಟಕ ನೋಡಿದ್ದೀರಷ್ಟೆ? ರಂಗದ ಮೇಲೆ ಸಂಜೆಯಾಗುವುದು ದೀಪ ನಿಯಂತ್ರಿಸುವವರ ಬೆರಳಿನಿಂದ.

ನಿಮ್ಮ ಶಾಲೆಯ ರಂಗಮಂದಿರಕ್ಕೆ ಹೊಸ ಲೈಟಿಂಗ್ ಕನ್ಸೋಲ್ ತರುವ ಮಾತೆದ್ದರೆ, ಮೊದಲು ಹಳೆಯ ಡಿಮ್ಮರುಗಳನ್ನು ಪರೀಕ್ಷಿಸಿ. ಹಿಂದಿನ ಅನಲಾಗ್ ಪದ್ಧತಿಯಲ್ಲಿ ಪ್ರತಿ ಚಾನೆಲ್ಲಿಗೂ ಬೇರೆ ತಂತಿ. 1986ರಲ್ಲಿ ಬಂದ ಡಿಎಂಎಕ್ಸ್ 512ರಲ್ಲಿ ಒಂದೇ ಕೇಬಲ್ಲಿನಲ್ಲಿ 512 ಚಾನೆಲ್. ಡಿಮ್ಮರು ಗಟ್ಟಿಯಾಗಿದ್ದರೆ ಎಸೆಯಬೇಡಿ. ನಡುವೆ ತಕ್ಕ ಪರಿವರ್ತಕವಿಟ್ಟರೆ ನಡೆದೀತು. ರಂಗದ ಎಲ್‌ಇಡಿ ದೀಪಗಳಿಗೆ ಮಾತ್ರ ಡಿಮ್ಮರಿನಿಂದಲ್ಲ, ನೇರವಾಗಿ ವಿದ್ಯುತ್ ಕೊಡಿ.

ಆದರೆ ಯಾವ ಕನ್ಸೋಲಿಗೂ ಕನ್ನಡ ಬಾರದು. ಯಾವ ಮಾತಿಗೆ ದೀಪ ಆರಬೇಕೆಂದು ಕಿವಿಗೊಟ್ಟು ಕಾಯುವವರು ಬೇಕು. ಕನ್ನಡ ಓದಲು ತಡವರಿಸಿದರೂ ಮನೆಮಾತು ಕೇಳಿ ಬೆಳೆದವರು ನೀವು. ಶಾಲೆಯಲ್ಲಿ ಕಲಿತ ಕೈಚಳಕವನ್ನು ನಮ್ಮ ನಾಟಕಕ್ಕೂ ತನ್ನಿ, ರಿಹರ್ಸಲ್ಲಿಗೆ ಬನ್ನಿ.