ಮಾತ್ರೆಗಿಂತ ಮೊದಲು ನಡಿಗೆ

ಅಮೆರಿಕದ ಡ್ಯಾನ್‌ವಿಲ್‌ನಲ್ಲಿರುವ ತಮ್ಮನ ಮನೆಗೆ ಹೋದಾಗ ನಾವು ದಿನವೂ ಐರನ್ ಹಾರ್ಸ್ ಹಾದಿಯಲ್ಲಿ ನಡೆದೆವು. 1891ರಲ್ಲಿ ರೈಲು ಬಂದು, ಮುಂದೆ ನಿಂತುಹೋದ ಹಳಿಯ ಜಾಗವೇ ಈಗ ನಡೆಯುವವರ ಹಾದಿ.

ಆಸ್ಪತ್ರೆಯಲ್ಲಿ ನಾವು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೊಡುವವರು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕಾಯಿಲೆಯ ಅಂಚಿನಲ್ಲಿದ್ದವರಿಗೆ ಆ ಮಾತ್ರೆ ಅಪಾಯವನ್ನು ಶೇ. 31ರಷ್ಟು ತಗ್ಗಿಸಿತು, ಮಿತ ಊಟ ಮತ್ತು ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯಂಥ ವ್ಯಾಯಾಮ ಶೇ. 58ರಷ್ಟು ತಗ್ಗಿಸಿತು. ತೂಕ ಇಳಿಸುವ ಗುರಿ ಶೇ. 7 ಮಾತ್ರ; 80 ಕಿಲೋ ಇರುವವರಿಗೆ ಸುಮಾರು ಐದೂವರೆ ಕಿಲೋ.

ಇಲ್ಲಿ ಅಂಥ ಹಾದಿ ಇಲ್ಲದಿದ್ದರೇನು? ಸಂಜೆ ಕ್ಯಾಂಪಿನ ಸುತ್ತ, ಬೇಸಿಗೆಯಲ್ಲಿ ಮಾಲ್‌ನೊಳಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆಯೋಣ. ರಾತ್ರಿ ಅನ್ನ ಒಂದು ಸೌಟು ಇಳಿಸಿ ಪಲ್ಯ ಹೆಚ್ಚಿಸೋಣ. ಕರಕ್ ಚಹಾ ದಿನಕ್ಕೊಂದೇ ಸಾಕು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ದುಡಿದ ಹಣದ ಜೊತೆ ಆರೋಗ್ಯವನ್ನೂ ಊರಿಗೆ ಒಯ್ಯೋಣ.