ಸೀಸದ ಗುಂಡಿಗೆ ಬಟ್ಟೆಯ ಅಂಗಿ

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ನಡೆಯುತ್ತಿದ್ದ ದಿನಗಳು. ಬ್ರಿಟಿಷ್ ಸೇನೆಯ ಇಬ್ಬರು ಅಧಿಕಾರಿಗಳು, ಟಾರ್ಲ್‌ಟನ್ ಮತ್ತು ಜಾರ್ಜ್ ಹ್ಯಾಂಗರ್, ಕಾಡಿನಂಚಿನಲ್ಲಿ ಕುದುರೆಗಳನ್ನು ನಿಲ್ಲಿಸಿಕೊಂಡು ಎದುರಾಳಿಗಳ ನೆಲೆಯನ್ನು ನಿಟ್ಟಿಸುತ್ತಿದ್ದರು. ಎರಡು ಕುದುರೆಗಳ ನಡುವೆ ಎರಡಡಿಗಿಂತ ಹೆಚ್ಚು ಅಂತರವಿರಲಿಲ್ಲ. ಹಿಂದೆ ಕಹಳೆಯವನು ತನ್ನ ಕುದುರೆಯ ಮೇಲಿದ್ದ. ಬಹುದೂರದ ಗಿರಣಿಯ ಬಳಿ ಒಬ್ಬ ಅಮೆರಿಕನ್ನನು ನೆಲದ ಮೇಲೆ ಬೋರಲಾಗಿ ಮಲಗಿ ಇವರತ್ತ ಗುರಿ ಹಿಡಿದ. ಗುಂಡು ಇಬ್ಬರು ಅಧಿಕಾರಿಗಳ ನಡುವೆ ನುಸುಳಿ ಹಿಂದಿದ್ದ ಕಹಳೆಯವನ ಕುದುರೆಯನ್ನು ಕೆಡವಿತು. ಹ್ಯಾಂಗರ್ ಅನಂತರ ಆ ನೆಲವನ್ನು ಮತ್ತೆ ಮತ್ತೆ ನೋಡಿ, ದೂರ 400 ಗಜಕ್ಕೆ ಕಡಿಮೆಯಿಲ್ಲವೆಂದು ನಿರ್ಧರಿಸಿ, 1814ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಅದನ್ನು ದಾಖಲಿಸಿದ.

ತನ್ನದೇ ಸೈನಿಕರ ಬಂದೂಕಿನ ವಿಷಯದಲ್ಲಿ ಅವನಿಗಿದ್ದ ಗೌರವ ಅಷ್ಟಕ್ಕಷ್ಟೆ. 200 ಗಜ ದೂರದ ಮನುಷ್ಯನಿಗೆ ಅದರಿಂದ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಒಂದೇ ಎಂಬುದು ಅವನ ಅಭಿಪ್ರಾಯವಾಗಿತ್ತು. ಎರಡೂ ಬಾಯಿಯಿಂದ ಮದ್ದು ತುಂಬುವ ಕೋವಿಗಳೇ. ಎರಡಕ್ಕೂ ಅದೇ ಕರಿಯ ಮದ್ದು, ಅದೇ ಸೀಸದ ಗುಂಡು, ಕಿಡಿ ಹಾರಿಸಲು ಅದೇ ಚಕಮಕಿ ಕಲ್ಲು. ಹಾಗಾದರೆ ಅಂತರವೆಲ್ಲಿತ್ತು?

ಅಂತರವಿದ್ದುದು ಗುಂಡಿಗೂ ನಳಿಗೆಗೂ ನಡುವಣ ಬಿರುಕಿನಲ್ಲಿ. ಬ್ರಿಟಿಷ್ ಸಿಪಾಯಿಯ ಬಂದೂಕಿನ ನಳಿಗೆಯ ಒಳವ್ಯಾಸ ಮುಕ್ಕಾಲು ಅಂಗುಲ; ಗುಂಡಿನ ವ್ಯಾಸ 0.7 ಅಂಗುಲದ ಆಸುಪಾಸು. ಬೇಗಬೇಗನೆ ತುಂಬಲು ಈ ಸಡಿಲು ಅನುಕೂಲವಾಗಿತ್ತು. ಆದರೆ ಅಂಥ ಗುಂಡು ನಳಿಗೆಯ ಒಂದು ಮಗ್ಗುಲನ್ನು ಉಜ್ಜಿಕೊಂಡು ಹೊರಬೀಳುತ್ತದೆ. ಉಜ್ಜಿದ ಮಗ್ಗುಲಿಗೆ ತಕ್ಕಂತೆ ಬುಗುರಿಯಾಗಿ ತಿರುಗುತ್ತದೆ. ಆ ತಿರುಗು ಅದನ್ನು ಗಾಳಿಯಲ್ಲಿ ಒಂದು ಪಕ್ಕಕ್ಕೆ ಸೆಳೆಯುತ್ತದೆ. ಈ ಗುಟ್ಟನ್ನು ಹೊರಗೆಡಹಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ಅವನು ಒಂದು ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಾಗಿಸಿ ಹಾರಿಸಿದ. ಗುಂಡು ಮೊದಲು ಎಡಕ್ಕೇ ಹೋಯಿತು; ಮುಂದೆ ಹೋದಂತೆ, ನೋಡಿದವರು ಬೆರಗಾಗುವ ಹಾಗೆ, ಬಲಕ್ಕೆ ಹೊರಳಿತು. ನಳಿಗೆಯೊಳಗೆ ಸುರುಳಿಯಾಗಿ ತೋಡುಗಳನ್ನು ಕೊರೆದು, ಗುಂಡನ್ನು ತನ್ನ ಪಯಣದ ದಿಕ್ಕನ್ನೇ ಅಚ್ಚಾಗಿಸಿಕೊಂಡು ತಿರುಗುವಂತೆ ಮಾಡಿದರೆ ಈ ಹೊರಳಾಟ ನಿಲ್ಲುವುದೆಂದು 1747ರಲ್ಲಿ ಅವನು ವಿವರಿಸಿದ. ಈಸ್ಟ್ ಇಂಡಿಯಾ ಕಂಪನಿಯ ಕೆಲಸದ ಮೇಲೆ ನಮ್ಮ ದೇಶಕ್ಕೆ ಬಂದ ಈ ಮೇಧಾವಿ 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಸುರುಳಿ ತೋಡು ಕೊರೆದರೆ ಸಾಲದು. ಗುಂಡು ಅದನ್ನು ಹಿಡಿದುಕೊಳ್ಳಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ಬಡಿದು ಇಳಿಸಿದರೆ ಮೆತ್ತನೆಯ ಸೀಸ ಜಜ್ಜಿಹೋಗುತ್ತದೆ. ಜರ್ಮನಿಯಿಂದ ವಲಸೆ ಬಂದು ಪೆನ್ಸಿಲ್ವೇನಿಯದ ಲ್ಯಾಂಕಾಸ್ಟರ್ ಸೀಮೆಯಲ್ಲಿ ನೆಲೆಸಿದ ಕೋವಿಗಾರರೂ ಅವರ ನೀಳ ರೈಫಲನ್ನು ಹೊತ್ತು ಅಡವಿ ಹೊಕ್ಕ ಬೇಟೆಗಾರರೂ ಇದಕ್ಕೆ ನಂಬಿದ್ದು ಒಂದು ಚೂರು ಬಟ್ಟೆಯನ್ನು. ನಳಿಗೆ ಅರ್ಧ ಅಂಗುಲದ್ದಾದರೆ ಗುಂಡು 0.49 ಅಂಗುಲ, ಅದಕ್ಕೆ ತೊಡಿಸುವ ಜಿಡ್ಡು ಸವರಿದ ಬಟ್ಟೆ 0.015 ಅಂಗುಲ ದಪ್ಪ. ಎರಡು ಮಗ್ಗುಲೂ ಸೇರಿದರೆ ಅಂಗಿ ತೊಟ್ಟ ಗುಂಡು ನಳಿಗೆಗಿಂತ ತುಸು ದೊಡ್ಡದೇ ಆಯಿತು. ಆ ಹೆಚ್ಚುವರಿ ಬಟ್ಟೆ ತೋಡುಗಳೊಳಗೆ ಒತ್ತಿಕೊಂಡು ಗುಂಡನ್ನು ತಿರುಗಿಸುತ್ತದೆ, ಮದ್ದಿನ ಅನಿಲ ಸೋರಿಹೋಗದಂತೆ ತಡೆಯುತ್ತದೆ, ನಳಿಗೆಯಿಂದ ಹೊರಬಂದೊಡನೆ ಬಿಚ್ಚಿಕೊಂಡು ಬೀಳುತ್ತದೆ. ಸೀಸ ಉಕ್ಕನ್ನು ಮುಟ್ಟುವುದೇ ಇಲ್ಲ.

ಗುರಿ ತಪ್ಪುವ ಕೋವಿಯನ್ನು ತಿದ್ದಲು ಹೊರಟವರು ಇಂದಿಗೂ ಮೊದಲು ಹುಡುಕುವುದು ಈ ಬಿದ್ದ ಬಟ್ಟೆಯನ್ನೇ. ಅದು ಇಡಿಯಾಗಿದ್ದು, ಗುಂಡು ಕುಳಿತ ಜಾಗದ ಸುತ್ತ ಮಸಿಯ ಉಂಗುರ ಮಾತ್ರ ಇದ್ದರೆ ಎಲ್ಲವೂ ಸರಿ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು ಅಥವಾ ಜಿಡ್ಡು ಸಾಲದಾಯಿತು. ಕೊಯ್ದಂತೆ ಹರಿದಿದ್ದರೆ ತೋಡಿನ ಅಂಚೋ ನಳಿಗೆಯ ಬಾಯಿಯೋ ಹರಿತವಾಗಿದೆ. ಅದನ್ನು ನಯವಾಗಿ ಉಜ್ಜಬೇಕು. ಅಳುವ ಮಗುವಿನ ಬಟ್ಟೆ ನೋಡಿಯೇ ಕಾರಣ ಹೇಳುವ ಅಜ್ಜಿಯರ ವಿದ್ಯೆಗೂ ಇದಕ್ಕೂ ಹೆಚ್ಚು ದೂರವಿಲ್ಲ!

ಅನಂತರ ಮದ್ದಿನ ಸರದಿ. ಮದ್ದು ಹೆಚ್ಚಿದಷ್ಟೂ ಗುರಿ ನೆಟ್ಟಗೆ ಎಂಬುದು ಹೊಸಬರ ಭ್ರಮೆ. ಪ್ರತಿ ನಳಿಗೆಗೂ ಅದರದೇ ಆದ ಹದವಿದೆ. ಅದನ್ನು ಅರಿಯುವ ದಾರಿ ತಾಳ್ಮೆಯೊಂದೇ. 50 ಗ್ರೇನ್, ಎಂದರೆ ಸುಮಾರು 3.2 ಗ್ರಾಂ ಮದ್ದಿನಿಂದ ತೊಡಗಿ, 50 ಗಜದಲ್ಲಿ ಹಲಗೆಗೆ ಐದು ಗುಂಡು; ಬಳಿಕ ಐದೈದು ಗ್ರೇನ್ ಏರಿಸಿ ಮತ್ತೆ ಐದು. ಯಾವ ಅಳತೆಗೆ ಐದೂ ತೂತುಗಳು ಒತ್ತಾಗಿ ಬೀಳುವುವೋ ಅದು ಆ ಕೋವಿಯ ಅಳತೆ. ಒಮ್ಮೆ ಗೊತ್ತಾದ ಮೇಲೆ ಅದೇ ಅಳತೆಯ ಕೊಳವಿಯಿಂದ ಮಟ್ಟಸವಾಗಿ ತುಂಬಿ ಸುರಿಯಬೇಕು. ಅಡುಗೆಮನೆಯ ಕೈಯಳತೆ ಇಲ್ಲಿ ನಡೆಯದು. ಮದ್ದು ಬದಲಿಸಿದ ದಿನ ಬಟ್ಟೆಯನ್ನೂ ಬದಲಿಸಿದವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯದು.

ಪೆಟ್ಲುಪ್ಪು, ಇದ್ದಿಲು, ಗಂಧಕ ಕೂಡಿದ ಈ ಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಪಾಲು ಹೊಗೆ ಮಸಿಯ ರೂಪದ ಕಣಗಳಾಗಿಯೇ ಉಳಿಯುತ್ತದೆ. ಆದ್ದರಿಂದ ಪ್ರತಿ ಗುಂಡಿನ ಬಳಿಕ ಒದ್ದೆ ಬಟ್ಟೆಯಿಂದಲೂ ಒಣ ಬಟ್ಟೆಯಿಂದಲೂ ನಳಿಗೆಯನ್ನು ಒರೆಸಬೇಕು. ಒರೆಸದಿದ್ದರೆ ಎರಡನೆಯ ಗುಂಡು ಮೊದಲನೆಯದರಂತೆ ಇಳಿಯದು. ಗಿಡಿಯುವ ಸಲಾಕೆಯ ಮೇಲೆ ಗುರುತಿನ ಗೆರೆ ಹಾಕಿ, ಗುಂಡು ಮದ್ದಿನ ಮೇಲೆಯೇ ಕುಳಿತಿದೆಯೆಂದು ಪ್ರತಿ ಸಲವೂ ನೋಡುವುದುಂಟು. ಇದು ಗುರಿಯ ಮಾತಷ್ಟೇ ಅಲ್ಲ. ನಡುದಾರಿಯಲ್ಲಿ ಸಿಕ್ಕಿಕೊಂಡ ಗುಂಡು ನಳಿಗೆಯನ್ನೇ ಸೀಳಬಲ್ಲುದು.

ಚಕಮಕಿಯ ದೋಷ ಬೇರೆ. ಕುದುರೆ ಬಿದ್ದು ಕಿಡಿ ಹಾರಿ, ಬಟ್ಟಲಿನ ಮದ್ದು ಭುಗಿಲೆಂದು, ಬೆಂಕಿ ಒಳಹೊಕ್ಕುವ ಆ ಕ್ಷಣದಲ್ಲಿ ಕೈ ಅಲುಗಿದರೆ ಗುರಿ ಕೆಟ್ಟಿತು. ಆ ಮಿಂಚನ್ನು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದನ್ನು ಸಹಿಸದ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್, ಪೆಟ್ಟು ಬಿದ್ದರೆ ಸಿಡಿಯುವ ಮದ್ದನ್ನು ಬಳಸಿ 1807ರಲ್ಲಿ ಸನ್ನದು ಪಡೆದ. ಕೇಪಿನ ಕೋವಿಯ ವಂಶ ಅಲ್ಲಿಂದಲೇ ಮೊದಲಾಯಿತು.

ಜಿಡ್ಡಿನ ವಿಷಯಕ್ಕೆ ಬಂದರೆ, ಇತಿಹಾಸ ಅದನ್ನು ಲಘುವಾಗಿ ಬಿಡಲಿಲ್ಲ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಕೂಡ ಬಾಯಿಯಿಂದ ತುಂಬುವಂಥದೇ. ಅದರ ಗುಂಡೂ ಮದ್ದೂ ಜಿಡ್ಡು ಬಳಿದ ಕಾಗದದ ತೋಟಾದಲ್ಲಿರುತ್ತಿದ್ದವು; ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಆ ಜಿಡ್ಡು ಹಸುವಿನದು, ಹಂದಿಯದು ಎಂಬ ಸುದ್ದಿ 1857ರಲ್ಲಿ ದಂಡುಗಳಿಂದ ದಂಡುಗಳಿಗೆ ಹಬ್ಬಿ ಏನಾಯಿತೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ.

ನಮ್ಮಲ್ಲಿ ಈಗ ಬೇಟೆಗೆ ಕಾನೂನಿನ ಬೀಗ ಬಿದ್ದಿದೆ. ಕೊಡಗಿನ ಕೈಲು ಮುಹೂರ್ತದಲ್ಲಿ ಪೂಜೆಗೊಂಡ ಕೋವಿಗೆ ತೆಂಗಿನಕಾಯಿಯೇ ಗುರಿ. ಪೆನ್ಸಿಲ್ವೇನಿಯದಲ್ಲಾದರೋ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಕೋವಿಯವರಿಗೆಂದೇ ಜಿಂಕೆಯ ಬೇಟೆಯ ಋತುವೊಂದು ಇಂದಿಗೂ ನಡೆಯುತ್ತಿದೆ. ಅಲ್ಲಿ ಬೇಟೆಗಾರನಿಗಿರುವುದು ಒಂದೇ ಗುಂಡು. ಮತ್ತೊಂದನ್ನು ತುಂಬುವಷ್ಟರಲ್ಲಿ ಗಾಯಗೊಂಡ ಜಿಂಕೆ ಕಾಡು ಸೇರಿ ಎಲ್ಲಿಯೋ ನರಳಿ ಸಾಯುತ್ತದೆ. ಉರುಟು ಗುಂಡಿನ ವೇಗವೋ ಗಾಳಿಯಲ್ಲಿ ಬಹುಬೇಗ ಕುಂದುತ್ತದೆ. ಹಲಗೆಯ ಮೇಲೆ 50 ಗಜದಲ್ಲಿ ಅಂಗೈಯಗಲದೊಳಗೆ ಐದೂ ಗುಂಡು ಬೀಳಿಸಿ, 100 ಗಜದಲ್ಲಿ ಬೀಳಿಸಲಾಗದವನು, 100 ಗಜದಲ್ಲಿ ಜಿಂಕೆ ಎಷ್ಟೇ ನಿಶ್ಚಲವಾಗಿ ನಿಂತಿದ್ದರೂ ಕೋವಿಯನ್ನು ಇಳಿಸಿ, ಅದು ಹತ್ತಿರ ಬರುವವರೆಗೆ ಹಿಮದಲ್ಲಿ ಕಾದು ಕುಳಿತಿರುತ್ತಾನೆ.